ಸೀಟು ಸಿಕ್ಕ ಮೇಲೂ ಒಂದು ಪರೀಕ್ಷೆ

ಹಾಲಾಡಿ
ಮೇ ೬, ಮಂಗಳವಾರ

ಪ್ರೀತಿಯ ಅಕ್ಷಿತಾಳಿಗೆ ಅಮ್ಮಮ್ಮನ ಆಶೀರ್ವಾದಗಳು.

ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳ ಕೈಗೆ ಅರವತ್ತೆಂಟನೇ ವಯಸ್ಸಿನಲ್ಲಿ ಪೆನ್ನು ಹಿಡಿಸಿದವಳು ನೀನು. ಬೆರಳು ನೋಯುತ್ತಿದೆ, ಸಿಟ್ಟೂ ಬರುತ್ತಿದೆ. ಫೋನ್ ಮಾಡಿದರೆ ಎತ್ತುವುದಿಲ್ಲ. ಎತ್ತಿದರೆ ನಾನು ಬೈಯುತ್ತೇನೆ, ನೀನು ಕಟ್ ಮಾಡುತ್ತೀಯ. ಹತ್ತು ದಿನದಿಂದ ಇದೇ ಆಯಿತು. ನಿನ್ನ ಅಮ್ಮ ಚಂದ್ರಾವತಿ ಈ ನೋಟ್‌ಬುಕ್ ತಂದು ಮುಂದಿಟ್ಟು, "ಬರ್ದ್ ಹಾಕ್ ಅಬ್ಬೆ, ಕಾಗ್ದದಗೆ ನಿನ್ನ ಬೊಬ್ಬೆ ಕೇಂತಿಲ್ಲೆ" ಎಂದಳು. ಹೆತ್ತ ತಾಯಿಗೆ ಹೇಳುವ ಮಾತಾ ಇದು?

ಇರಲಿ. ನೀನು ಹೇಗಿದ್ದೀಯ? ಹೋದ ವಾರ ಹೊಟ್ಟೆ ಕೆಟ್ಟಿತ್ತಂತೆ, ಈಗ ಕಮ್ಮಿಯಾಯಿತಾ? ಚಿಕ್ಕಪ್ಪನ ಹೋಟೆಲ್ಲು ಎಂದು ದಿನಾ ಮೂರು ಹೊತ್ತು ವಡೆ ತಿಂದರೆ ಇನ್ನೇನಾಗುತ್ತದೆ. ಗಂಜಿ ಉಣ್ಣು. ರತ್ನ ಚಿಕ್ಕಿಯ ಮಂಡಿನೋವು ಹೇಗಿದೆ? ಮುಂಬೈಯ ನಾಲ್ಕು ಮಾಳಿಗೆ ಹತ್ತಿ ಇಳಿಯಬೇಡ ಎಂದರೆ ಅವಳೂ ಕೇಳುವವಳಲ್ಲ. ನಿಮ್ಮಿಬ್ಬರದೂ ಒಂದೇ ತಲೆ.

ಈಗ ವಿಷಯಕ್ಕೆ ಬರುತ್ತೇನೆ. ಕುಂದಾಪುರದಲ್ಲಿ ನಿನಗೆ ಬಿಕಾಂ ಸೀಟು ಸಿಕ್ಕಿದೆ, ಸಂತೋಷ. "ಸೀಟ್ ಸಿಕ್ತಲೆ ಅಮ್ಮಮ್ಮ, ಇನ್ನ್ ಆ ಪರೀಕ್ಷಿ ಎಂತಕ್ಕೆ? ಬರಿಯುಕೇ ಬೇಕ್ ಅಂದೇನಿಲ್ಲೆ" ಎಂದು ಹೇಳಿ ನೀನು ಮುಂಬೈ ಬಸ್ಸು ಹತ್ತಿದೆ. ಕೃಷಿ ಕಾಲೇಜಿಗೆ ಸೇರಲು ಬೇಸಾಯದ ಮನೆಯ ಮಕ್ಕಳಿಗೆಂದೇ ಇಟ್ಟ ಪರೀಕ್ಷೆ ಅದು, ಬರೆಯದಿದ್ದರೆ ಯಾರೂ ಕೇಳುವುದಿಲ್ಲ, ಗೊತ್ತು. ಆದರೆ ನೀನು ಬೇಡ ಎಂದದ್ದು ಬಿಕಾಂ ಮೇಲಿನ ಆಸೆಯಿಂದಲ್ಲ ಎಂಬುದೂ ಗೊತ್ತು. ಅರ್ಜಿ ಹಾಕಿದ ದಿನ ನೀನು ಕುಣಿಯುತ್ತ ಬಂದಿದ್ದೆ. ನಾನು, ಮನೆಗೆಲಸದ ಬಾಗಿಯ ಎದುರಿಗೇ, "ಗದ್ದೆಗ್ ಇಳುಕೆ ಕಾಲೇಜ್ ಎಂತಕ್ಕೆ ಹೆಣೆ, ಗದ್ದೆ ಮನಿ ಎದ್ರಿಗೇ ಇತ್ತಲೆ" ಎಂದು ನಕ್ಕೆ. ಬಾಗಿಯೂ ನಕ್ಕಳು. ನೀನು ಉಣ್ಣುವ ಬಟ್ಟಲು ಬಿಟ್ಟು ಎದ್ದೆ. ಆಮೇಲೆ ನಮ್ಮದು ಬೇಸಾಯದ ಮನೆ ಎನ್ನುವ ಆ ಸರ್ಟಿಫಿಕೇಟಿನ ಗಲಾಟೆ. ಜಾಗ ನನ್ನ ಹೆಸರಿನಲ್ಲಿರುವುದರಿಂದ ನನ್ನ ಸಹಿ ಬೇಕು, ಅದಿಲ್ಲದೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದೆ ನೀನು. ಹಾಕುವುದಿಲ್ಲ ಎಂದೆ ನಾನು. ಉಳುವವನೇ ಹೊಲದೊಡೆಯ ಎಂಬ ಡಿಕ್ಲರೇಶನ್ ಕಾಲದಲ್ಲಿ ನನ್ನ ಅಪ್ಪಯ್ಯ ಯಾರೋ ತಂದುಕೊಟ್ಟ ಕಾಗದಕ್ಕೆ ಓದದೆ ರುಜು ಹಾಕಿ ತೋಡಿನಾಚೆಯ ಎರಡು ಗದ್ದೆ ಕಳೆದುಕೊಂಡವರು. ಸರಕಾರದ ಕಾಗದ ಕಂಡರೆ ನನಗೆ ಇವತ್ತಿಗೂ ಕೈ ಹಿಂದೆ ಹೋಗುತ್ತದೆ. ಅದು ನಿನಗೆ ಗೊತ್ತಿಲ್ಲ, ನಾನೂ ಹೇಳಲಿಲ್ಲ, ಬೈದೆ.

ಹೋದ ಬುಧವಾರ ಏನಾಯಿತು ಕೇಳು. ಆಚೆಮನೆಯ ಸೌಮ್ಯಶ್ರೀ ಪಲ್ಯಕ್ಕೆ ಜೀಗುಜ್ಜೆ ಕೇಳಿಕೊಂಡು ಬಂದಳು. ಎರಡು ವರ್ಷದ ಹಿಂದೆ ಇದೇ ಪರೀಕ್ಷೆ ಬರೆದು ಈಗ ಕೃಷಿ ಕಾಲೇಜಿನಲ್ಲಿ ಇರುವವಳು, ರಜೆಗೆ ಬಂದಿದ್ದಾಳೆ. ನಿನಗೆಂದು ಹಳೇ ಪ್ರಶ್ನೆಗಳ ಕಟ್ಟು ತಂದಿದ್ದಳು. ನೀನಿಲ್ಲ ಎಂದೆ. ನಾನು ಹಲಸಿನ ಹಪ್ಪಳ ಒತ್ತುತ್ತಿದ್ದೆ, ಅವಳು ಮೆಟ್ಟಿಲ ಮೇಲೆ ಕೂತು ತಮಾಷೆಗೆ ಒಂದೊಂದೇ ಓದತೊಡಗಿದಳು. ಕೆಂಪು ಬಣ್ಣದ ಗೊಬ್ಬರ ಯಾವುದು? ಪೊಟ್ಯಾಷ್, ಇನ್ನೆಂತ. ತೆಂಗಿನ ಸುಳಿ ಕೊರೆಯುವುದು ಯಾವುದು? ಕುರುವಾಯಿ ದುಂಬಿ. ಭತ್ತದ ಎಲೆಯ ಚಿತ್ರ ತೋರಿಸಿ ಯಾವ ರೋಗ ಎಂದಳು. ಬೆಂಕಿ ರೋಗ ಎಂದೆ, ಕನ್ನಡಕ ಕೂಡ ಹಾಕದೆ! ಮೂವತ್ತರಲ್ಲಿ ಇಪ್ಪತ್ತೆರಡು ಸರಿ. ಹಿಟ್ಟು ಒಣಗಿಹೋಯಿತು, ನಾನು ಹಪ್ಪಳ ಬಿಟ್ಟು ಅವಳ ಪಕ್ಕದಲ್ಲೇ ಕೂತುಬಿಟ್ಟೆ. ಅಕ್ಷಿತಾ, ಆಟಿ ತಿಂಗಳ ಮಳೆಯಲ್ಲಿ ಭತ್ತದ ನಟ್ಟಿಗೆ ಆಳು ಸಾಲದೆಂದು ನನ್ನನ್ನು ಶಾಲೆ ಬಿಡಿಸಿದರು. ಅಂದಿನಿಂದ ಇಂದಿನವರೆಗೆ, ನನಗೆ ಗೊತ್ತಿರುವುದಕ್ಕೂ ಮಾರ್ಕು ಇದೆಯೆಂದು ಯಾರೂ ಹೇಳಿರಲಿಲ್ಲ.

ತಪ್ಪಿದ ಎಂಟೂ ಘಟ್ಟದ ಮೇಲಿನ ಬೆಳೆ. ನವಣೆ, ಸಾಮೆ, ಸಜ್ಜೆ, ಹತ್ತಿಬೀಜ. ಐವತ್ತು ವರ್ಷದಿಂದ ತೊಗರಿಬೇಳೆ ಬೇಯಿಸಿದ್ದೇನೆ, ತೊಗರಿ ಗಿಡ ಕಣ್ಣಿಂದ ಕಂಡವಳಲ್ಲ. ಇದನ್ನೆಲ್ಲ ನಮ್ಮಲ್ಲಿ ಯಾರು ಬೆಳೆಯುತ್ತಾರೆ ಎಂದು ರೇಗಿದೆ. "ಸರ್ಕಾರ ಹಾಲಾಡಿಗ್ ಮಾತ್ರ ಪರೀಕ್ಷಿ ಮಾಡುದಲ್ಲ ಗುಲಾಬಜ್ಜಿ" ಎಂದಳು ಆ ಹುಡುಗಿ. ಪರೀಕ್ಷೆಯಲ್ಲಿ ಬೀಜವನ್ನೇ ಮುಂದಿಟ್ಟು ಹೆಸರು ಕೇಳುತ್ತಾರಂತೆ. ನನಗೆ ಛಲ ಹತ್ತಿತು. ಮರುದಿನ ಬೆಳಿಗ್ಗೆಯೇ ಪೇಟೆಗೆ ಹೋಗಿ ಸುಶಾಂತನ ಅಂಗಡಿಯಲ್ಲಿ ಇರುವ ಕಾಳು ಬೀಜ ಎಲ್ಲ ಒಂದೊಂದು ಮುಷ್ಟಿ ಕಟ್ಟು ಎಂದೆ. "ಎಂತ ಅಜ್ಜೀ, ಕೋಳಿಗ್ ಹಾಕುಕಾ?" ಎಂದ. "ಹೌದ್, ಬಿಕಾಂ ಓದು ಕೋಳಿ ಒಂದಿತ್ತ್" ಎಂದೆ. ಅಲ್ಲಿ ಸಿಗದ್ದಕ್ಕೆ ಬಸ್ಸು ಹಿಡಿದು ಕೋಟೇಶ್ವರಕ್ಕೆ ಹೋದೆ. ಈಗ ಇಪ್ಪತ್ತಾರು ಜಾತಿ ಬೀಜ ಚಾವಡಿಯಲ್ಲಿ ಡಬ್ಬಿಯ ಮುಚ್ಚಳಗಳಲ್ಲಿ ಕೂತಿವೆ, ಅಡುಗೆಮನೆಯಲ್ಲಿ ಒಂದು ಡಬ್ಬಿಗೂ ಮುಚ್ಚಳವಿಲ್ಲ. ನಿನ್ನ ಅಮ್ಮ ಉಪ್ಪಿಗೆ ಬಾಳೆಲೆ ಮುಚ್ಚುತ್ತಿದ್ದಾಳೆ. ಶನಿವಾರ ಬಾಗಿ ಗುಡಿಸುವಾಗ ನವಣೆ, ಸಾಮೆ ಎರಡನ್ನೂ ಚೆಲ್ಲಿ ಒಂದು ಮಾಡಿದಳು. ಅವಳಿಗೆ ಬಾಯಿ ತುಂಬ ಬೈದು, ಮಧ್ಯಾಹ್ನವಿಡೀ ಕೂತು ಹೆಕ್ಕಿ ಹೆಕ್ಕಿ ಬೇರೆ ಮಾಡಿದೆ. ಅದೇ ಒಳ್ಳೆಯದಾಯಿತು, ಈಗ ಎರಡನ್ನೂ ಬೆರಳಲ್ಲೇ ಮುಟ್ಟಿ ಹೇಳುತ್ತೇನೆ. ಭಾನುವಾರ ಸೌಮ್ಯಶ್ರೀ ಬೇರೆ ಪ್ರಶ್ನೆ ತಂದು ಮತ್ತೆ ಕೇಳಿದಳು. ಮೂವತ್ತಕ್ಕೆ ಇಪ್ಪತ್ತೆಂಟು! ನನ್ನನ್ನೇ ಕೂರಿಸುತ್ತಾರಾ ಎಂದು ಕೇಳಿದೆ. ಪಿಯುಸಿ ಆಗಬೇಕಂತೆ.

ಬಿಕಾಂ ಸೀಟು ಎಲ್ಲಿಗೂ ಓಡುವುದಿಲ್ಲ. ಪರೀಕ್ಷೆಗೆ ಬೇಕಾದದ್ದು ಒಂದು ದಿನ. ನೀನು ನಾಲ್ಕು ದಿನ ನನ್ನ ಎದುರು ಕೂತರೆ ಸಾಕು, ಇಪ್ಪತ್ತಾರನ್ನೂ ಬಾಯಿಪಾಠ ಮಾಡಿಸುತ್ತೇನೆ. ಬೈಯದೆ ಕಲಿಸುತ್ತೇನೆ ಎಂದು ಮಾತ್ರ ಹೇಳಲಾರೆ, ಅದು ನನ್ನಿಂದ ಆಗುವ ಕೆಲಸವಲ್ಲ.

ಈ ಕಾಗದವನ್ನು ನಮ್ಮೂರಿನ ಭೋಜರಾಜನ ಕೈಯಲ್ಲಿ ಕಳಿಸುತ್ತಿದ್ದೇನೆ, ಸಂಜೆಯ ಮುಂಬೈ ಬಸ್ಸಿಗೆ ಹೊರಟಿದ್ದಾನೆ. ಹಪ್ಪಳವೂ ಇದೆ, ಅರ್ಧ ರತ್ನನಿಗೆ ಕೊಡು, ಎಲ್ಲ ನೀನೇ ತಿನ್ನಬೇಡ. ಚಿಕ್ಕಪ್ಪನನ್ನು ಕೇಳಿದೆ ಎನ್ನು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ಸ್ವಲ್ಪ ಬುದ್ಧಿಯನ್ನೂ ಕೊಡಲಿ.

ಇಂತಿ ನಿನ್ನ ಅಮ್ಮಮ್ಮ,
ಗುಲಾಬಿ

ಮರೆತೆ, ಭೋಜರಾಜ ಗೇಟಿನ ಹತ್ತಿರ ನಿಂತು ಕರೆಯುತ್ತಿದ್ದಾನೆ. ನಿನ್ನೆ ಚಂದ್ರಾವತಿಯ ಜೊತೆ ಕುಂದಾಪುರದ ತಾಲೂಕು ಕಚೇರಿಗೆ ಹೋಗಿ ಆ ಸರ್ಟಿಫಿಕೇಟಿನ ಕಾಗದಕ್ಕೆ ಸಹಿ ಹಾಕಿ ಬಂದೆ. ಎರಡು ಸಲ ಓದಿಸಿಕೊಂಡೇ ಹಾಕಿದೆ. ಗದ್ದೆಗೆ ಇಳಿಯಲು ಕಾಲೇಜು ಎಂತಕ್ಕೆ ಎಂದದ್ದು ನನ್ನ ತಪ್ಪು. ಬಾಗಿಯ ಎದುರಿಗೆ ಅಂದಿದ್ದೆ, ಇವತ್ತು ಬೆಳಿಗ್ಗೆ ಬಾಗಿಯ ಎದುರಿಗೇ ತಪ್ಪೆಂದು ಹೇಳಿದ್ದೇನೆ. ಬರೆದು ಪಾಸಾಗಿ, ಆಮೇಲೂ ಬಿಕಾಂಗೇ ಹೋಗುತ್ತೇನೆ ಎಂದರೆ ಹೋಗು, ನಾನು ಬಾಯಿ ತೆರೆಯುವುದಿಲ್ಲ. ನನ್ನ ಮೇಲಿನ ಸಿಟ್ಟಿಗೆ ಬಿಡಬೇಡ. ಪರೀಕ್ಷೆ ಹದಿನೇಳಕ್ಕೆ. ಬರುತ್ತೀಯೋ ಇಲ್ಲವೋ, ಹನ್ನೊಂದನೇ ತಾರೀಕು ಭಾನುವಾರದೊಳಗೆ ಹೇಳು.