ರೋಷನಬಿಯ ಗಿರಣಿಗೆ ದಪ್ಪ ತಂತಿ

ಹಳಿಯಾಳ, ೯ ಫೆಬ್ರುವರಿ ೧೯೬೩, ಶನಿವಾರ

ರೋಷನಬಿ ಅಕ್ಕನ ನಿನ್ನೆಯ ಮಾತು ಬೆಳಗಿನಿಂದ ಚುಚ್ಚುತ್ತಿತ್ತು. ಹೊಸ ಹಿಟ್ಟಿನ ಗಿರಣಿ ಶುಕ್ರವಾರವೇ ಶುರುವೆಂದು ಅವಳು ಇಡೀ ಓಣಿಗೆ ಹೇಳಿಬಿಟ್ಟಿದ್ದಳು. ಹೆಂಗಸರು ಜೋಳದ ಬುಟ್ಟಿ ಹೊತ್ತು ಬಂದು ನಿಂತಿದ್ದರು. ಆದರೆ ಪೇಟೆಯಲ್ಲಿ ಸಿಕ್ಕಿದ್ದು ಮನೆಯ ದೀಪಕ್ಕೆ ಹಾಕುವ ಸಣ್ಣ ತಂತಿ. ಮೋಟಾರಿನ ಭಾರಕ್ಕೆ ಅದು ಕಾದು ಸ್ವಿಚ್‌ಬೋರ್ಡೇ ಹೊತ್ತಿಕೊಂಡೀತೆಂದು ಕರೆಂಟಿನ ಕೆಲಸಕ್ಕೆ ಬಂದಿದ್ದ ನಾನು ಅದನ್ನು ಜೋಡಿಸಲು ಒಪ್ಪಲಿಲ್ಲ.

"ಮಂದಿ ಮುಂದ ನನ್ನ ಮಾನ ಕಳದಿ, ಪರಸಣ್ಣ. ಇನ್ನ ಮಾರಿ ತೋರಿಸಬ್ಯಾಡ," ಎಂದಿದ್ದಳು.

ಇವತ್ತು ಮೊದಲ ಬಸ್ಸಿಗೆ ದಾಂಡೇಲಿಗೆ ಹೋಗಿ ದಪ್ಪ ತಾಮ್ರದ ತಂತಿ ತಂದೆ. ಅವಳು ಮುಖ ತಿರುಗಿಸಿಕೊಂಡೇ ಬಾಗಿಲು ತೆರೆದಳು. ಮಧ್ಯಾಹ್ನ ಶುರುವಾದ ಮೋಟಾರು ಸಂಜೆಯವರೆಗೆ ನಿಲ್ಲಲಿಲ್ಲ. ನಾನು ಬೋರ್ಡಿನ ಮೇಲೆ ಕೈಯಿಟ್ಟು ನೋಡುತ್ತಿದ್ದಾಗ ಅವಳೂ ಬಂದು, ಹಿಟ್ಟು ಮೆತ್ತಿದ ಅಂಗೈಯನ್ನು ಹೆದರುತ್ತ ಪಕ್ಕದಲ್ಲಿಟ್ಟಳು.

"ಯಾ ಅಲ್ಲಾ, ತಣ್ಣಗ ಐತಲ್ಲೋ!"

"ಹಂಗ ಇರಬೇಕ್ರೀ ಅಕ್ಕ."

"ನಿನ್ನೆ ಅಂದದ್ದು ಮನಸಿಗೆ ಹಚ್ಕೋಬ್ಯಾಡ. ನಿನ್ನ ಮನೀ ಜೋಳ ಯಾಕ ಬಂದಿಲ್ಲ? ಹೋಗಿ ಹೆಂಡ್ತೀನ ಕರ್ಕೊಂಡ ಬಾ."

ಗುರುಬಸವ್ವ ಬಂದಳು. ಜೋಳ ಬೀಸಿ ಮೋಟಾರು ನಿಂತರೂ ಇಬ್ಬರ ಮಾತು ನಿಲ್ಲಲಿಲ್ಲ. ಹಿಟ್ಟಿನ ಡಬ್ಬಿ ಹೊತ್ತು ನಾನೊಬ್ಬನೇ ಮನೆಗೆ ಬಂದೆ. ಹಸಿವಾಗಿದೆ, ನಗುವೂ ಬರುತ್ತಿದೆ. ಬಾಗಿಲ ಸದ್ದಾಯಿತು, ಬಂದಳೇನೋ...