ಅಟ್ಟದ ಮೇಲಿನ ಕಾಯಿ

ಅಣ್ಣ,

ಇವತ್ತು ತಿಪಟೂರು ಕೋರ್ಟಿನಲ್ಲಿ ನಿನ್ನ ಹೆಸರು ಕೂಗಿದರು. ಮೃತ ರಂಗಶಾಮಯ್ಯನ ವಾರಸುದಾರರು ಬನ್ನಿ ಎಂದರು. ಅತ್ತಿಗೆಯೂ ನಿನ್ನ ಮಗಳು ನಯನಳೂ ಎದ್ದು ನಿಂತರು. ನಾನೂ ಎದ್ದೆ. ಯಾಕೆ ಎದ್ದೆನೋ, ನನಗೇನೂ ನೋಟಿಸು ಬಂದಿರಲಿಲ್ಲ.

ನೀನು ತೋಟ ಅಡವಿಟ್ಟಿದ್ದೆಯಲ್ಲ, ಆ ಕೊಬ್ಬರಿ ಮಂಡಿ ಸಾಹುಕಾರನ ವಕೀಲ ಹರಾಜಿಗೆ ಆದೇಶ ಕೇಳಿದ. ಸಾಲ ತೀರಿಸಲು ಈ ಹೆಂಗಸರ ಹತ್ತಿರ ಏನೂ ಇಲ್ಲ ಎಂದ. ನನಗೆ ರೇಗಿತು.

"ನಮ್ಮ ಅಟ್ಟದ ತುಂಬ ಕಾಯಿ ಅವೆ ತಾಯಿ. ಒಳಗಿನ ನೀರು ಇಂಗಿ ಕೊಬ್ಬರಿ ಆಗೋಗಂಟ ಟೈಮ್ ಕೊಡಿ, ಕಟ್ತೀವಿ" ಎಂದೆ.

ಜಡ್ಜಮ್ಮ ಕನ್ನಡಕ ತೆಗೆದು ನೋಡಿದರು. "ನೀವು ಅವರಿಗೆ ಏನಾಗಬೇಕು?"

"ತಮ್ಮ."

ತೋಟ ಪಾಲಾಗಿ ನಾವು ಮಾತು ಬಿಟ್ಟ ಮೇಲೆ ಆ ಪದ ನನ್ನ ಬಾಯಲ್ಲಿ ಬಂದದ್ದು ಇದೇ ಮೊದಲು.

ಆರು ತಿಂಗಳು ಗಡುವು ಸಿಕ್ಕಿದೆ. ಅಷ್ಟರೊಳಗೆ ಕಟ್ಟಿದರೆ ತೋಟ ನಯನಳಿಗೇ ಉಳಿಯುತ್ತದೆ.

ಮಾತು ಬಿಟ್ಟ ಮೇಲೆ ಒಂದು ವರ್ಷ ಯುಗಾದಿಯ ಮಾರನೆಯ ದಿನ ನೀನು ನಮ್ಮಿಬ್ಬರ ತೋಟದ ನಡುವಿನ ಬೇಲಿಯಾಚೆ ಬಂದು ಬಹಳ ಹೊತ್ತು ನಿಂತಿದ್ದೆ. ನಾನು ತಲೆ ಎತ್ತದೆ ಕಾಯಿ ಸುಲಿಯುತ್ತಿದ್ದೆ. ಅಡಮಾನದ ಪತ್ರ ಅದೇ ವಾರದ್ದು ಎಂದು ಇವತ್ತು ವಕೀಲ ಓದಿದಾಗ ತಿಳಿಯಿತು.

ಸಂಜೆ ಬೇಲಿ ಕಿತ್ತು ದಾರಿ ಬಿಡಿಸಿದೆ. ನಯನ ಅದರಲ್ಲೇ ಬಂದು, ನಮ್ಮ ಅಟ್ಟ ಹತ್ತಿ, ನಿನ್ನ ಹಾಗೆಯೇ ಒಂದು ಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿದಳು.

"ಇನ್ನೂ ನೀರೈತೆ ಚಿಕ್ಕಪ್ಪ."

"ಇಂಗ್ತೈತೆ ಬುಡವ್ವ" ಎಂದೆ.