ಅದೇ ಕಟ್ಟೆಯಲ್ಲಿ ಓದಿದ ರಿಪೋರ್ಟು

ಚಿಗಟೇರಿ, 2003

ಅವ್ವಾ,

ನೀನು ಸತ್ತ ಒಂಬತ್ತು ವರ್ಷಕ್ಕೆ ನನ್ನ ರಕ್ತದಲ್ಲೂ ಗುಪ್ತರೋಗದ ಪರೀಕ್ಷೆ ಪಾಸಿಟಿವ್ ಬಂತು. ನಿನ್ನ ಅಂಥದ್ದೇ ರಿಪೋರ್ಟನ್ನು ಅಪ್ಪ ಊರ ಕಟ್ಟೆಯಲ್ಲಿ ಹಿರಿಯರ ಮುಂದೆ ಓದಿಸಿ, ನಿನ್ನನ್ನು ಇಟ್ಟಿಗಿಯ ತವರಿಗೆ ಅಟ್ಟಿದ್ದ. ನನಗೆ ದಾವಣಗೆರೆಯ ಡಾಕ್ಟರಮ್ಮ ಇನ್ನೆರಡು ಪರೀಕ್ಷೆ ಮಾಡಿಸಿದರು.

"ಆ ರೋಗ ಅಲ್ಲವ್ವಾ, ಇದು ಲೂಪಸ್. ನಿನ್ನ ರಕ್ತ ನಿನ್ನ ಮೈಮೇಲೇ ತಿರುಗಿ ಬಿದ್ದೈತಿ. ಇದ್ರಾಗ ಆ ಟೆಸ್ಟು ಒಮ್ಮೊಮ್ಮೆ ಸುಳ್ಳು ಹೇಳತೈತಿ. ನಿಮ್ಮವ್ವಗೂ ಇದೇ ಇದ್ದೀತು."

ನಿನ್ನ ಊದಿದ ಗೆಣ್ಣು, ಕೆಂಪು ಕೆನ್ನೆ ಕಣ್ಣಿಗೆ ಕಟ್ಟಿದವು. ಬಸ್ಸಿಳಿದು ಸೀದಾ ಅದೇ ಕಟ್ಟೆಗೆ ಹೋಗಿ, ಕೂತಿದ್ದ ಹಿರಿಯರ ಮುಂದೆ ನನ್ನ ರಿಪೋರ್ಟನ್ನು ಗಟ್ಟಿಯಾಗಿ ಓದಿದೆ.

"ಮಂದಿ ಕೇಳಾಕತ್ತಾರ, ಮನಿಗೆ ನಡಿ," ಎಂದ ಅಲ್ಲೇ ಇದ್ದ ಅಪ್ಪ.

"ಕೇಳಲಿ. ಅವತ್ತೂ ಇವರೇ ಕೇಳಿದ್ರು."

ಎಲ್ಲವನ್ನೂ ಓದಿದೆ, ಅವ್ವಾ. ನಿನ್ನನ್ನು ನೋಡಲು ಬಂದಾಗ ತವರಲ್ಲಿ ನೀನು ಕೊಟ್ಟ ನೀರನ್ನು ನಾನು ಕುಡಿಯದೆ ಕೆಳಗಿಟ್ಟಿದ್ದನ್ನು ಮಾತ್ರ ಯಾರಿಗೂ ಹೇಳಲಿಲ್ಲ.